ಎಡಗಡೆಗೆ ಬಂದ ಬಾಣಗಳು

ಇವತ್ತು ಮಾಡಿದ್ದು: ಐದೂವರೆಗೆ ಎದ್ದು ಹಾಲು ಕಾಯಿಸಿದೆ. ನೀರು ಬಿಟ್ಟಾಗ ಎರಡು ಬಕೆಟ್, ಒಂದು ಡ್ರಮ್ ತುಂಬಿಸಿದೆ, ಎಡಗೈಯಲ್ಲೇ. ಮಗಳ ಡಬ್ಬಿಗೆ ಚಪಾತಿ, ಬೆಂಡೆಕಾಯಿ ಪಲ್ಯ. ಲಟ್ಟಿಸಿದ್ದು ಇವರು, ಬೇಯಿಸಿದ್ದು ನಾನು. ಒಗೆದ ಬಟ್ಟೆಯನ್ನು ಮೇಲಿನ ಹಗ್ಗಕ್ಕೆ ಹಾಕಲಾಗದೆ ಕುರ್ಚಿಗಳ ಬೆನ್ನಿಗೆ ಹರಡಿದೆ. ಬಲಗೈ ಬೆರಳುಗಳನ್ನು ಗೋಡೆಯ ಮೇಲೆ ಹತ್ತಿಸುವ ವ್ಯಾಯಾಮ ಹತ್ತು ಸಲ. ಬೆರಳು ನಿಂತಲ್ಲಿ ಪೆನ್ಸಿಲ್ ಗುರುತು ಹಾಕುತ್ತೇನೆ. ಇವತ್ತಿನದು ನಿನ್ನೆಯದರ ಮೇಲೆಯೇ ಬಿತ್ತು. ಡೊಂಬಿವಲಿಯಿಂದ ಠಾಣೆ, ಅಲ್ಲಿ ಗಾಡಿ ಬದಲಿಸಿ ಆಫೀಸು. ಒಂದು ಗಂಟೆಯ ಪರೀಕ್ಷೆ ಕೊಟ್ಟೆ. ಬರುವಾಗ ಒಂದು ಕಟ್ಟು ಕೊತ್ತಂಬರಿ ತಂದೆ.

ಪರೀಕ್ಷೆಯ ವಿಷಯ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನವಿ ಮುಂಬೈಯ ಒಂದು ಆಫೀಸಿನಲ್ಲಿ ಹದಿನಾರು ವರ್ಷದಿಂದ ನನ್ನ ಕೆಲಸ, ಡಾಕ್ಟರುಗಳು ಮಾತಾಡಿ ಕಳಿಸಿದ್ದನ್ನು ಕೇಳಿ ಟೈಪ್ ಮಾಡುವುದು. ಕಿವಿಗೆ ಹೆಡ್‌ಫೋನು, ಮಾತು ನಿಲ್ಲಿಸಲು ಓಡಿಸಲು ಕಾಲಡಿಗೆ ಒಂದು ಪೆಡಲು. ಈಚೆಗೆ ಬರೆಯುವುದನ್ನು ಯಂತ್ರವೇ ಬರೆಯುತ್ತದೆ, ನಮಗೆ ಉಳಿದದ್ದು ತಿದ್ದುವುದು. ತಿದ್ದುವುದೆಂದರೆ ಅಕ್ಷರ ಒತ್ತುವುದು ಕಡಿಮೆ, ಪದದಿಂದ ಪದಕ್ಕೆ, ಸಾಲಿನಿಂದ ಸಾಲಿಗೆ ಓಡಾಡುವುದೇ ಹೆಚ್ಚು. ಓಡಾಡಲು ಬೇಕಾದ ನಾಲ್ಕು ಬಾಣದ ಕೀಗಳು, ಸಾಲಿನ ತುದಿಗೆ ಹಾರಿಸುವ ಹೋಮ್, ಎಂಡ್, ಎಲ್ಲವೂ ಇರುವುದು ಕೀಬೋರ್ಡಿನ ಬಲಗಡೆ. ಮೌಸ್ ಅದಕ್ಕಿಂತಲೂ ಆಚೆ.

ನನ್ನ ಬಲತೋಳು ಚೌತಿಯ ಹೊತ್ತಿಗೆ ಹಿಡಿದುಕೊಂಡಿತು. ಫ್ರೋಜನ್ ಶೋಲ್ಡರ್ ಎಂದರು ಡಾಕ್ಟರು. “ಮೊಣಕೈ ಪಕ್ಕೆಗೆ ಅಂಟಿಸಿಕೊಂಡು ಟೈಪ್ ಮಾಡಿ, ತೊಂದರೆ ಇಲ್ಲ. ಬಲಕ್ಕೆ ಮಾತ್ರ ಚಾಚಬೇಡಿ.”

“ಎಷ್ಟು ದಿನ ಸರ್?”

“ಬಿಡುವಾಗ ಬಿಡುತ್ತದೆ. ಕೆಲವರಿಗೆ ವರ್ಷ ಹಿಡಿಯುತ್ತದೆ, ಕೆಲವರಿಗೆ ಇನ್ನೂ ಹೆಚ್ಚು.”

ಚಾಚದೆ ಕೆಲಸ ಮಾಡಲು ಹೋಗಿ ನನ್ನ ದಿನದ ಸಾಲುಗಳು ಅರ್ಧಕ್ಕೆ ಇಳಿದವು. ಕಳೆದ ವಾರ ನಮ್ಮ ವಿಭಾಗದ ಮೇಲ್ವಿಚಾರಕಿ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು. ನನಗಿಂತ ಚಿಕ್ಕವಳು, ಮರಾಠಿಯವಳು, ಅವಳ ಬಾಯಲ್ಲಿ ನಾನು ‘ತಾಈ’, ಅಂದರೆ ಅಕ್ಕ. “ಮೇಲಿನವರು ಕೇಳ್ತಿದ್ದಾರೆ ತಾಈ. ಶುಕ್ರವಾರ ಒಂದು ಗಂಟೆಯ ಕೆಲಸ ಕೊಡ್ತೇನೆ. ಮೊದಲಿನ ವೇಗ ಬಂದ್ರೆ ನಾನೇ ನಿಮ್ಮ ಪರವಾಗಿ ವಾದ ಮಾಡ್ತೇನೆ. ಬರದಿದ್ರೆ ನನ್ನ ಕೈಯಲ್ಲೂ ಏನಿಲ್ಲ.”

ಬಾಣದ ಕೀಗಳು ಎಡಗಡೆ ಇರುವ ಕೀಬೋರ್ಡ್ ಹುಡುಕಲು ಹೊರಟದ್ದು ಹಾಗೆ.

ಠಾಣೆ ಸ್ಟೇಷನ್ನಿನ ಹೊರಗೆ ಮೂರು ಅಂಗಡಿ ಕೇಳಿದೆ. ಮೊದಲಿನವನು ಎಡಗೈಯ ಮೌಸ್ ತೋರಿಸಿದ. ಎರಡನೆಯವನು ಬಾಣಗಳೇ ಇಲ್ಲದ ಚಿಕ್ಕ ಕೀಬೋರ್ಡ್ ತಂದು, “ಲೇ ಲೋ ಆಂಟಿ, ಜಂಜಟ್ ಹೀ ಖತಂ” ಎಂದ, ತಗೊಂಡರೆ ರಗಳೆಯೇ ಮುಗಿಯಿತು ಎಂಬಂತೆ. ಮೂರನೆಯವನು ಇದ್ದ ಕೀಬೋರ್ಡನ್ನೇ ತಲೆಕೆಳಗು ಮಾಡಿ ಹಿಡಿದು, “ಈಗ ಎಡಕ್ಕೆ ಬಂತಲ್ಲ?” ಎಂದು ನಕ್ಕ. ನಾನೂ ನಕ್ಕೆ. ನಗದೆ ಮತ್ತೇನು ಮಾಡುವುದು.

ಮಗಳು ಬ್ಯಾಂಕಿನಲ್ಲಿದ್ದಾಳೆ. ಕನ್ನಡ, ತುಳು ಎರಡೂ ತಿಳಿಯುತ್ತದೆ, ಉತ್ತರ ಬರುವುದು ಹಿಂದಿಯಲ್ಲಿ. ಫೋನಿನಲ್ಲಿ ಹುಡುಕಿ, “ಮಿಲ್ತಾ ಹೈ ಮಮ್ಮಿ, ಲೇಕಿನ್ ಬಾಹರ್ ಸೇ ಆಯೇಗಾ” ಎಂದಳು. ಹೊರದೇಶದಿಂದ ಬರಬೇಕು, ಒಂದೂವರೆ ತಿಂಗಳು. ನನಗಿದ್ದದ್ದು ಆರು ದಿನ. ಆಮೇಲೆ ಅವಳೇ ಇನ್ನೊಂದು ಉಪಾಯ ತೆಗೆದಳು. ಮನೆಯ ಲ್ಯಾಪ್‌ಟಾಪಿಗೆ ಏನೋ ಹಾಕಿ, ಕ್ಯಾಪ್ಸ್ ಲಾಕ್ ಒತ್ತಿ ಹಿಡಿದರೆ ಇ, ಎಸ್, ಡಿ, ಎಫ್ ಕೀಗಳೇ ಬಾಣಗಳಾಗುವ ಹಾಗೆ ಮಾಡಿಕೊಟ್ಟಳು. ಎರಡು ಸಂಜೆ ಅಭ್ಯಾಸ ಮಾಡಿದೆ. ಮೊದಲು ಎಲ್ಲಿ ನೋಡಿದರೂ ಡಿ ಡಿ ಡಿ ಬಂತು. ಎರಡನೆಯ ಸಂಜೆ ಬೆರಳು ಒಪ್ಪಿಕೊಂಡಿತು. ಖುಷಿಯಿಂದ ಆಫೀಸಿನಲ್ಲಿ ಕೇಳಿದರೆ, ನಮ್ಮ ಕಂಪ್ಯೂಟರುಗಳಿಗೆ ಹೊರಗಿನದ್ದು ಏನನ್ನೂ ಹಾಕುವಂತಿಲ್ಲ. ರೋಗಿಗಳ ಕಾಗದಪತ್ರ ಇರುವ ಜಾಗ. ನಿಯಮ ಸರಿಯೇ.

ಕೊನೆಗೆ ದಾರಿ ತೋರಿಸಿದ್ದು ಇವರು. ಕಲ್ಯಾಣದ ಒಂದು ವೆಜ್ ಹೋಟೆಲಿನಲ್ಲಿ ಮ್ಯಾನೇಜರು. ಕೌಂಟರಿನ ಡ್ರಾಯರಿನಲ್ಲಿ ಬಿಲ್ ಹೊಡೆಯುವ ಹಳೇ ನಂಬರ್ ಪ್ಯಾಡ್ ಇತ್ತಂತೆ, ಅಂಕಿ ಕೀಗಳಷ್ಟೇ ಇರುವ ಅಂಗೈಯಗಲದ್ದು, ತನ್ನದೇ ವಯರಿನದ್ದು. ಅದರಲ್ಲಿ ನಂಬರ್ ಲಾಕ್ ಆರಿಸಿದರೆ ಎಂಟು ಮೇಲೆ, ಎರಡು ಕೆಳಗೆ, ನಾಲ್ಕು ಎಡ, ಆರು ಬಲ. ಹೋಮ್, ಎಂಡ್ ಕೂಡ ಉಂಟು. ಅದನ್ನು ಕೀಬೋರ್ಡಿನ ಎಡಕ್ಕಿಟ್ಟರೆ ಮುಗಿಯಿತು.

“ನಮ್ಮಲ್ಲಿ ಎಡಗೈಗೆ ಮರ್ಯಾದೆಯ ಕೆಲಸ ಇದ್ದದ್ದು ಒಂದೇ,” ಎಂದರು ಇವರು, “ಬಲಗೈ ಎಂಜಲಾದಾಗ ಸೌಟು ಹಿಡಿಯುವುದು. ಈಗ ನೋಡು, ಆಫೀಸಿಗೇ ಹೊರಟಿತು ಮಾರಾಯ್ತಿ.”

“ನೀವು ಸುಮ್ಮನಿರಿ, ಮೊದಲು ಇದರ ಎಣ್ಣೆ ಹೋಗ್ಲಿ.”

ಕಿವಿಗೆ ಹಾಕುವ ಹತ್ತಿಕಡ್ಡಿಯಲ್ಲಿ ಒಂದೊಂದೇ ಸಂದು ಉಜ್ಜಿದೆ. ಅಂಕಿ ಕಂಡರೆ ತಲೆ ಗೊಂದಲವಾಗುತ್ತದೆಂದು ಎರಡು, ನಾಲ್ಕು, ಆರು, ಎಂಟರ ಮೇಲೆ ನನ್ನ ಮರೂನ್ ಸ್ಟಿಕ್ಕರ್ ಬೊಟ್ಟು ಅಂಟಿಸಿದೆ. ಈಗ ಅವು ಬರೀ ಬಾಣಗಳು.

ಆಫೀಸಿನ ಕಂಪ್ಯೂಟರ್ ನೋಡಿಕೊಳ್ಳುವವನು ಅದನ್ನು ತಿರುಗಿಸಿ ನೋಡಿ, ಮೂಸಿ, “ಸಾಂಬಾರ್ ಕೀ ಖುಷ್ಬೂ ಹೈ” ಎಂದ, ಸಾಂಬಾರಿನ ಪರಿಮಳವಂತೆ. ಪ್ಯಾಡಿನೊಳಗೆ ಏನೂ ತುಂಬಿಡಲು ಬರುವುದಿಲ್ಲವಾದ್ದರಿಂದ ಒಪ್ಪಿಗೆ ಕೊಟ್ಟ. ಬುಧವಾರ, ಗುರುವಾರ ಎರಡು ದಿನವೂ ಕೆಲಸ ಚೆನ್ನಾಗಿ ಓಡಿತು. ಗುರುವಾರ ಬರುವಾಗ ದಿವಾ ಸ್ಟೇಷನ್ನಿನಲ್ಲಿ ಯಾರೋ ಬಲತೋಳಿಗೆ ಚೀಲ ಗುದ್ದಿದರೂ ನಾನು ಬಯ್ಯಲಿಲ್ಲ.

ಇವತ್ತು ಹನ್ನೊಂದಕ್ಕೆ ಕೂತೆ. ನಲವತ್ತು ನಿಮಿಷ ಎಲ್ಲವೂ ಸರಿಯಿತ್ತು. ಒಬ್ಬ ಡಾಕ್ಟರು ಬಾಯೊಳಗೇ ಗೊಣಗಿದ್ದರು. ಅವರ ಮಾತನ್ನು ಪೆಡಲಿನಲ್ಲಿ ಹಿಂದೆ ಮುಂದೆ ಓಡಿಸಿ ಕೇಳುತ್ತಾ ಇದ್ದೆ. ಕಾಲು ಅಲುಗಿದರೆ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ, ಕೈ ಅಲುಗಬೇಕು. ಯಾರೂ ಇಲ್ಲವೆಂದು ಅದು ತೆರೆ ಮುಚ್ಚಿಕೊಂಡಿತು. ಪಾಸ್‌ವರ್ಡ್ ಹಾಕಿ ತೆರೆದೆ. ತೆರೆದಾಗಲೆಲ್ಲ ಅದು ನಂಬರ್ ಲಾಕನ್ನು ತಾನೇ ಹೊತ್ತಿಸುತ್ತದೆ. ನನಗೆ ಗೊತ್ತಿತ್ತು, ಬೆಳಿಗ್ಗೆ ಬಂದ ಕೂಡಲೇ ಆರಿಸಿದ್ದೂ ನಾನೇ. ಆ ಗಳಿಗೆಯಲ್ಲಿ ಮರೆಯಿತು. ಕೆಳಗಿನ ಸಾಲಿಗೆ ಹೋಗಲು ಬೊಟ್ಟಿನ ಮೇಲೆ ಟಕಟಕ ಒತ್ತಿದೆ. ಸಾಲು ಅಲುಗಲಿಲ್ಲ, ಅಂಕಿಗಳು ಮೂಡಿದವು. ಅಯ್ಯೋ ಎಂದು ಲಾಕ್ ಆರಿಸಿ, ಅಳಿಸಿ, ಮುಂದಕ್ಕೆ ಓಡಿದೆ. ಹೊತ್ತು ಹೋಗುತ್ತಿತ್ತಲ್ಲ.

ಗಂಟೆ ಮುಗಿದ ಮೇಲೆ ಮೇಲ್ವಿಚಾರಕಿ ನನ್ನ ಕೆಲಸವನ್ನು ಓದಿದಳು. “ವೇಗ ಬಂತು ತಾಈ, ಪೂರಾ ಬಂತು.” ಅವಳ ಮುಖ ಅರಳಿತ್ತು. ಮತ್ತೆ ಓದುತ್ತಾ ಓದುತ್ತಾ ಒಂದು ಸಾಲಿನ ಮೇಲೆ ಬೆರಳಿಟ್ಟಳು. ಪರದೆಯನ್ನು ನನ್ನ ಕಡೆ ತಿರುಗಿಸಿದಳು.

ಬಿಪಿ ಮಾತ್ರೆಯ ಸಾಲು. ಐದು ಮಿಲಿಗ್ರಾಂ ಇರಬೇಕಾದಲ್ಲಿ ಐವತ್ತೆರಡು.

ಕೆಳಗಿನ ಬಾಣದ ಎರಡನ್ನು ಮೂರು ಸಲ ಒತ್ತಿದ್ದೆ, ಎರಡೇ ಸಲ ಅಳಿಸಿದ್ದೆ.

“ಇದು ಪರೀಕ್ಷೆಯದ್ದು, ಯಾರಿಗೂ ಹೋಗಲ್ಲ,” ಎಂದಳು. “ಆದ್ರೆ ತಾಈ...”

“ಅಂಕಿ ತಪ್ಪಿದರೆ ಫೈಲೇ ತಪ್ಪು,” ಎಂದೆ. ಅವಳು ಕೆಲಸಕ್ಕೆ ಸೇರಿದ ವಾರ ಈ ಮಾತನ್ನು ಅವಳಿಗೆ ಹೇಳಿಕೊಟ್ಟದ್ದು ನಾನೇ. ಅವಳು ಕಣ್ಣು ಒರೆಸಿಕೊಂಡಳು. ಇನ್ನೊಂದು ಅವಕಾಶ ಕೊಡು ಎಂದು ಕೇಳಬಹುದಿತ್ತು. ಆದರೆ ಅವಳ ಜಾಗದಲ್ಲಿ ನಾನಿದ್ದರೂ ಆ ಫೈಲನ್ನು ಬಿಡುತ್ತಿರಲಿಲ್ಲ.

“ತೋಳು ಬಿಟ್ಟ ಮೇಲೆ ಫೋನ್ ಮಾಡಿ. ಆಗ ಜಾಗ ಇದ್ರೆ...” ಎಂದಳು. ಪೆನ್ನು, ನೀರಿನ ಬಾಟಲಿ, ಪ್ಯಾಡ್ ಚೀಲಕ್ಕೆ ಹಾಕಿಕೊಂಡೆ. ಮಧ್ಯಾಹ್ನದ ಗಾಡಿ ಖಾಲಿ ಇತ್ತು. ಹದಿನಾರು ವರ್ಷದಲ್ಲಿ ಕಿಟಕಿಯ ಸೀಟು ಇಷ್ಟು ಸುಲಭಕ್ಕೆ ಸಿಕ್ಕಿದ್ದು ನೆನಪಿಲ್ಲ. ಹೆಂಗಸರ ಡಬ್ಬಿಯಲ್ಲಿದ್ದ ನಾಲ್ಕೈದು ಮಂದಿ ಸಂಜೆಯ ಅಡುಗೆಗೆ ಬಟಾಣಿ ಸುಲಿಯುತ್ತಿದ್ದರು, ನಾನು ಹೊರಗೆ ನೋಡುತ್ತಿದ್ದೆ.

ಸಂಜೆ ಮಗಳು ವಿಷಯ ಕೇಳಿ, “ನಂಬರ್ ಲಾಕ್ ಕಾ ಮುಝೇ ಸೋಚ್ನಾ ಚಾಹಿಯೇ ಥಾ” ಎಂದು ತಲೆ ಹಿಡಿದು ಕೂತಳು. ಅದನ್ನು ಯೋಚಿಸಬೇಕಾದವಳು ನೀನಲ್ಲ ಮಗಾ ಎಂದೆ. ಇವರು ಬೇಗ ಬಂದಿದ್ದರು. ಕುಕ್ಕರ್ ಇಟ್ಟರು. ಪ್ಯಾಡ್ ನೋಡಿ, “ಇದನ್ನು ಹೋಟೆಲಿಗೆ ವಾಪಸ್ಸು ಕೊಂಡುಹೋಗ್ಲಾ?” ಎಂದರು.

“ಈಗ ಬೇಡ. ಇಲ್ಲೇ ಇರ್ಲಿ.”

ಫ್ರಿಜ್ಜಿನ ಮೇಲೆ ಇಟ್ಟರು, ಬೊಟ್ಟುಗಳ ಸಮೇತ.

ಊಟಕ್ಕೆ ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ, ಮಿಡಿ ಉಪ್ಪಿನಕಾಯಿ. ಕೊತ್ತಂಬರಿ ಹಾಕಲು ಮರೆತೆವು. ಬಲಗೈ ಬಾಯಿಯ ತನಕ ಬರಲಿಲ್ಲ, ಎಡಗೈಗೆ ಚಮಚ ಕೊಟ್ಟವರು ಇವರು. ಮೊದಲು ಮಗಳು ಮಲಗಿದಳು, ದೀಪ ಆರಿಸದೆಯೇ. ಆಮೇಲೆ ಇವರು. ನಾನು ಎಡಮಗ್ಗುಲಾಗಿ ಇನ್ನೂ ಎಚ್ಚರ ಇದ್ದೆ.