ಬೆನ್ನು ಮುಂದಾಗಿ ಹೋಗುವ ದೋಣಿ

ಈ ಊರಿನ ಕೆರೆಯಲ್ಲಿ ದೋಣಿ ನಡೆಸುವವರು ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂರುತ್ತಾರೆ. ದೇವರಾಣೆಗೂ ನಿಜ. ಮುಂದೆ ಬಂಡೆ ಇದೆಯೋ, ಇನ್ನೊಂದು ದೋಣಿ ಬರುತ್ತಿದೆಯೋ, ಒಂದೂ ಕಾಣದು. ಬಿಟ್ಟುಬಂದ ದಡವನ್ನೇ ನೋಡುತ್ತ ಹುಟ್ಟು ಹಾಕುತ್ತಾರೆ, ದೋಣಿ ಬಾಣದ ಹಾಗೆ ಹೋಗುತ್ತದೆ. ಮೊದಲ ದಿನ ಅದನ್ನು ನೋಡಿ ನನ್ನ ಎದೆ ಬಾಯಿಗೆ ಬಂದಿತ್ತು.

ನಾನು ಆಂಧ್ರದ ಅಂಚಿನ ಕಣೇಕಲ್ಲಿನವಳು. ಓದಿದ್ದು ಕನ್ನಡ ಶಾಲೆಯ ಐದನೇ ಕ್ಲಾಸು. ಮೊಮ್ಮಗಳು ಲೀಲಾಳಿಗೆ ಭೋಪಾಲಿನ ಕಾಲೇಜಿನಲ್ಲಿ ಸೀಟು ಸಿಕ್ಕಿತು, ಹಾಸ್ಟೆಲ್ ಸಿಗಲಿಲ್ಲ. ಮಗಳು ಅಳಿಯ ಅಂಗಡಿ ಗದ್ದೆ ಬಿಟ್ಟು ಬರುವಂತಿಲ್ಲ. "ನಾನು ಹೋಗ್ತೀನಿ, ಎರಡು ರೊಟ್ಟಿ ಬಡಿಯಾಕ ಹಿಂದಿ ಯಾಕ ಬೇಕು?" ಅಂದೆ. ಗುಂತಕಲ್ಲಿನಲ್ಲಿ ರೈಲು ಹತ್ತಿದಾಗ ಹಿಂದಕ್ಕೆ ಮುಖ ಮಾಡಿದ ಸೀಟು ನನ್ನ ಪಾಲಿಗೆ ಬಂತು. ಊರು ಬಿಟ್ಟು ಹೊರಟವರು ಹಿಂತಿರುಗಿ ನೋಡಬಾರದು ಎನ್ನುವವಳು ನಾನು. ಎದುರಿನವರ ಹತ್ತಿರ ಜಗಳವಾಡಿಯೇ ಸೀಟು ಬದಲಿಸಿಕೊಂಡೆ.

ಇಲ್ಲಿ ನಮ್ಮದು ಮೂರನೇ ಮಹಡಿಯ ಒಂದು ಕೋಣೆ. ಕಟ್ಟೆ ಇಲ್ಲ, ಕಟ್ಟೆಯ ಮೇಲೆ ಕೂತು "ಏನ್ ಸಾರು ಮಾಡಿಯವ್ವ?" ಎನ್ನುವವರಿಲ್ಲ. ನಮ್ಮಲ್ಲಿ ಬೆಳಗಾದರೆ ಮಂಡಕ್ಕಿ ಒಗ್ಗರಣೆಗೆ ಜೊತೆ ಮಿರ್ಚಿ. ಇಲ್ಲಿ ಪೋಹಾ, ಅಂದರೆ ನಮ್ಮ ಅವಲಕ್ಕಿಯೇ, ಅದಕ್ಕೆ ಜೊತೆ ಜಿಲೇಬಿ! ಖಾರದ ತಟ್ಟೆಯಲ್ಲಿ ಪಾಕ ಸೋರುವುದನ್ನು ನೋಡಿ ತಟ್ಟೆ ಆಚೆ ತಳ್ಳಿದ್ದೆ. ಈಗ ಜಿಲೇಬಿ ಕಡಿಮೆ ಹಾಕಿದರೆ ನಾನೇ ಕೇಳಿ ಹಾಕಿಸಿಕೊಳ್ಳುತ್ತೇನೆ. "ಭೈಯಾ, ಥೋಡಾ ಧನಿಯಾ" ಎಂದು ತರಕಾರಿಯವನಿಂದ ಕೊತ್ತಂಬರಿ ಕೊಸರು ತಂದ ದಿನವಂತೂ ಊರಿನ ಎಲ್ಲರಿಗೂ ಫೋನ್ ಮಾಡಿ ಹೇಳಿದ್ದೆ.

ನನಗಾದರೂ ಗೋಡೆಯ ಜೊತೆ ಮಾತಾಡಿ ಅಭ್ಯಾಸವಾಯಿತು. ಲೀಲಾಳಿಗೆ ಹಾಗಾಗಲಿಲ್ಲ. ಕಾಲೇಜಿನಲ್ಲಿ ಮೂಲೆ ಹಿಡಿದು ಕೂತು ಬರುತ್ತಿದ್ದಳು. "ಊರಿಗೆ ಹೋಗೋಣ ನಡಿ ಅಜ್ಜಿ. ಓದು ಅಲ್ಲೇ ಓದ್ತೀನಿ" ಎಂದು ಒಂದೇ ಹಟ. ಅಂಥವಳು ಒಂದು ಬೆಳಿಗ್ಗೆ ತೊಪ್ಪೆಯಾಗಿ ನೆನೆದು, ನಗುತ್ತ ಬಂದಳು.

"ಏನೇ ಇದು, ಮಳಿ ಇಲ್ಲ ಏನಿಲ್ಲ?"

"ಕಾಲೇಜಿನ ದೋಣಿ ಕ್ಲಬ್ಬಿಗೆ ಸೇರೀನಿ ಅಜ್ಜಿ. ದೋಣಿ ಮಗುಚಿತು. ನಾಲ್ಕೂ ಮಂದಿ ಬಿದ್ದಿವಿ!"

ನಮ್ಮ ಕಣೇಕಲ್ಲಿನ ಕೆರೆ ಸಣ್ಣದಲ್ಲ. ಆದರೆ ನಾವು ಹೆಣ್ಣುಮಕ್ಕಳು ಮೊಣಕಾಲವರೆಗೆ ಇಳಿದು ಬಟ್ಟೆ ಒಗೆದವರೇ ಹೊರತು ಈಜಿದವರಲ್ಲ. ಅವತ್ತು ಬೈದೆ, ಅತ್ತುಬಿಟ್ಟೆ. ಅವಳೂ ಅತ್ತಳು. "ಅಲ್ಲಿ ನನ್ನ ಹೆಸರು ಹಿಡಿದು ಕರೀತಾರ ಅಜ್ಜಿ" ಅಂದಳು. ಬೈಯುವುದು ಬಿಟ್ಟು ಸೆರಗಿನಿಂದ ಅವಳ ತಲೆ ಒರೆಸಿದೆ. ಕ್ಲಬ್ಬಿನವರೇ ಅವಳಿಗೆ ಈಜು ಕಲಿಸಿದರು.

ಮರುವಾರ ನಾನೂ ನೋಡಲು ಹೋದೆ. ಊರಿನ ಹರಿಗೋಲು ದೊಡ್ಡ ಬುಟ್ಟಿಯ ಹಾಗಿದ್ದರೆ ಇದು ನುಗ್ಗೆಕಾಯಿ. ಮೂತಿಗೆ ಬಿಳಿ ಚೆಂಡೊಂದನ್ನು ಸಿಕ್ಕಿಸಿದ್ದರು. ದೃಷ್ಟಿಗೆ ನಿಂಬೆಹಣ್ಣು ಕಟ್ಟಿದ್ದಾರೆಂದು ಕೈಮುಗಿದೆ.

"ಅಯ್ಯೋ ಅಜ್ಜಿ, ಅದು ರಬ್ಬರು. ಮೂತಿ ಯಾರಿಗೂ ಚುಚ್ಚಬಾರದು ಅಂತ ಇಟ್ಟಾರ."

"ದೃಷ್ಟಿ ಚುಚ್ಚಬಾರದು ಅಂತ ನಾವು ಕಟ್ಟೋದು. ಎರಡೂ ಒಂದೇ ಬಿಡು."

ಆಯ್ಕೆಯ ದಿನ ಬಂತು. ಹೊಸಬರಲ್ಲಿ ನಾಲ್ವರನ್ನು ಮಾತ್ರ ಇಟ್ಟುಕೊಳ್ಳುತ್ತಾರಂತೆ. ಹಿಂದಿನ ದಿನವೇ ಲೀಲಾ ಹೇಳಿದ್ದಳು: "ನನ್ನ ಬಿಟ್ಟರಂದ್ರ ಊರಿಗೇ ಹೋಗಿಬಿಡೋಣ ಅಜ್ಜಿ. ಮತ್ತ ಆ ಮೂಲಿಯೊಳಗ ನಾ ಕೂಡಂಗಿಲ್ಲ." ಅವಳ ಹಣೆಗೆ ವಿಭೂತಿ ಹಚ್ಚಿ, ಅಂಗೈಗೆ ಮೊಸರು ಸಕ್ಕರೆ ಹಾಕಿ ಕಳಿಸಿದೆ. ಹೊರಟವರನ್ನು ಹಿಂದಿನಿಂದ ಕೂಗಬಾರದು, ಕೂಗಿದರೆ ಕೆಲಸ ಕೆಡುತ್ತದೆ ಎಂದು ನಮ್ಮವ್ವ ಕಲಿಸಿದ್ದು. ಅದಕ್ಕೇ ದಡದಲ್ಲಿ ಎಲ್ಲರೂ ಕೂಗುತ್ತಿದ್ದರೂ ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತೆ.

ದೋಣಿ ಹೊರಟಿತು. ಲೀಲಾಳ ಕಣ್ಣು ನನ್ನ ಮೇಲೆ ಬಿತ್ತು. ಬಾಯಿಗೆ ಸೆರಗು ಕಂಡು ಅಜ್ಜಿ ಅಳುತ್ತಿದ್ದಾಳೆ ಅಂದುಕೊಂಡಳಂತೆ. ಹುಟ್ಟು ನೀರಲ್ಲಿ ಸಿಕ್ಕಿಕೊಂಡಿತು, ದೋಣಿ ವಾಲಿತು, ನಿಂತುಬಿಟ್ಟಿತು. ಕಲಿಸುವ ಮೇಷ್ಟ್ರು "ಫಿರ್ ಸೇ!" ಎಂದರು. ಮತ್ತೊಮ್ಮೆ, ಅಂತ.

ಆಗ ನೋಡಿ, ತಲೆಗೆ ಹೊಳೆಯಿತು. ಹಿಂದಿನಿಂದ ಕೂಗಬಾರದು, ಸರಿ. ಆದರೆ ಹುಡುಗಿಯ ಮುಖ ನನ್ನ ಕಡೆಗೇ ಇದೆಯಲ್ಲ! ನಾನು ಅವಳ ಮುಂದೆಯೇ ನಿಂತಿದ್ದೇನಲ್ಲ! ಬಾಯಿಂದ ಸೆರಗು ತೆಗೆದು, ಗದ್ದೆಯ ಆಚೆ ಬದುವಿಗೆ ಕೇಳುವಂತೆ ಕೂಗಿದೆ.

"ಎಳಿಯೇ ಲೀಲಾ! ಎಳಿ ನನ್ನವ್ವ! ಎಳಿ!"

ಅವಳು ನಕ್ಕಳು. ಎಳೆದಳು. ಪಕ್ಕದಲ್ಲಿ ನಿಂತಿದ್ದ ಹುಡುಗಿಯರಿಗೆ ಅರ್ಥ ತಿಳಿಯದಿದ್ದರೂ ಅವರೂ "ಎಳಿ! ಎಳಿ!" ಎಂದು ದನಿಗೂಡಿಸಿದರು. ಅವರಿಂದ ಚಹಾದವನಿಗೆ, ಅವನಿಂದ ಇಡೀ ದಡಕ್ಕೆ. ಭೋಪಾಲಿನ ಕೆರೆಯ ದಂಡೆ ಪೂರ್ತಿ ನಮ್ಮ ಕಣೇಕಲ್ಲಿನ ಮಾತು! ನಾಲ್ಕು ಹುಟ್ಟು ಒಂದೇ ಸಲ ಎದ್ದು ಒಂದೇ ಸಲ ಬಿದ್ದವು.

ಲೀಲಾಳನ್ನು ತೆಗೆದುಕೊಂಡರು. ಮೇಷ್ಟ್ರು ನನ್ನ ಹತ್ತಿರ ಬಂದು, "ಅಮ್ಮಾಜಿ, ಕಲ್ ಭೀ ಆನಾ" ಅಂದರು. ನಾಳೆಯೂ ಬನ್ನಿ ಅಂತ ನನಗೆ ಹೇಳಿದ್ದು, ನನಗೆ! ಈಗ ದಿನಾ ಹೋಗುತ್ತೇನೆ. ದೋಣಿಯೊಳಗಿನ ಹಿಂದಿ ಹುಡುಗಿಯರೂ "ಎಳಿ" ಎಂದೇ ಹುಟ್ಟಿನ ತಾಳ ಹಿಡಿಯುತ್ತಾರೆ.

ನಿನ್ನೆ ಮಗಳ ಫೋನು. "ಕೆರಿ ತುಂಬೇತಿ ಅವ್ವ, ನೋಡಾಕ ಬರಂಗಿಲ್ಲೇನು?" ಕಣ್ಣು ತುಂಬಿತು. ಬರುತ್ತೇನೆ ಅಂದೆ. ಹಾಗನ್ನುವಾಗಲೇ, ನಾನಿಲ್ಲದಿದ್ದರೆ ಬೆಳಿಗ್ಗೆ ದಡದಲ್ಲಿ ಕೂಗುವವರು ಯಾರು ಎಂಬ ಯೋಚನೆ ಬಂತು. ಟಿಕೆಟ್ ತೆಗೆಸಲು ಲೀಲಾಳಿಗೆ ಹೇಳಿದ್ದೇನೆ, ಹಿಂದಕ್ಕೆ ಮುಖ ಮಾಡಿದ ಸೀಟು ಸಿಕ್ಕರೆ ಈ ಸಲ ಜಗಳವಾಡುವುದಿಲ್ಲ. ಪ್ಲಾಟ್‌ಫಾರಂ ಮೇಲೆ ನಿಂತ ಅವಳು ಕಾಣುವಷ್ಟು ದೂರ ಕಾಣಲಿ. ಊರಿಂದ ತಿರುಗಿ ಇಲ್ಲಿಗೆ ಹೊರಟಾಗಲೂ ನನಗೆ ಅಂಥದೇ ಸೀಟು ಬೇಕು.