ಮೂವರು ತುಂಬಿಸಿದ ಬಾಟಲಿ

"ಆ ಉಚ್ಚೆ ನಂದೊಬ್ಬಳ್ದೇ ಅಲ್ಲ, ಸಿಸ್ಟರಮ್ಮ!" ಎಂದು ನಿಂಗಮ್ಮಜ್ಜಿ ಮಾತ್ರೆ ಹಿಡಿದ ನನ್ನ ಕೈಯನ್ನು ತಳ್ಳಿದರು. ಕಾರಿಮಂಗಲಂನ ವೃದ್ಧಾಶ್ರಮವೊಂದರಲ್ಲಿ ನಾನು ನರ್ಸ್. ಅಜ್ಜಿಯ ಮೂತ್ರ ನಾರುತ್ತದೆಂದು ಪರೀಕ್ಷೆಗೆ ಕಳಿಸಿದ್ದೆ. ಸೋಂಕೆಂದು ವರದಿ ಬಂದು ಆ್ಯಂಟಿಬಯಾಟಿಕ್ ಶುರುವಾಗಿ ಮೂರು ದಿನವಾಗಿತ್ತು. ಆ ಮಾತ್ರೆಯಿಂದ ಅಜ್ಜಿಗೆ ಭೇದಿ ಹಿಡಿದಿತ್ತು.

"ಬಾಟ್ಲು ತುಂಬ್ನಿಲ್ಲ. ಪಕ್ಕದ ಮಂಚದೋರಿಬ್ರೂ ಒಂದೊಂದ್ ಚೂರು ಉಯ್ದ್ರು. ಡೈರಿ ಕ್ಯಾನಿಗೆ ಊರೋರೆಲ್ಲ ಹಾಲು ಹಾಕಲ್ವಾ, ಅಂಗೆ!"

ಪಕ್ಕದ ಮಂಚದವರು ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. ಮೂತ್ರ ಹೋಗುವಾಗ ಉರಿ, ಜ್ವರ ಏನಾದರೂ ಇತ್ತೇ ಎಂದು ಅಜ್ಜಿಯನ್ನು ಆಗಲೇ ಮೊದಲ ಸಲ ಕೇಳಿದೆ.

"ಏನೂ ಇಲ್ಲ. ಬಾಟ್ಲು ಕೊಡಕ್ ಮುಂಚೆ ಕೇಳಿದ್ರೆ ಹೇಳ್ತಿದ್ದೆ."

ಇದನ್ನು ತಿಳಿಸಿದಾಗ, ಉರಿ, ಜ್ವರ ಇಲ್ಲದೆ ಮಾತ್ರೆ ಬೇಡವೆಂದು ಡಾಕ್ಟರು ನಿಲ್ಲಿಸಿದರು. ಈಗ ಬಾಟಲಿ ಕೊಡುವ ಮೊದಲು, "ಉರಿ ಐತಾ ಅಜ್ಜಿ?" ಎಂದು ಕೇಳುತ್ತೇನೆ. ಅದಕ್ಕೂ ಮೂವರು ಸೇರಿಯೇ ಉತ್ತರ ಕೊಡುತ್ತಾರೆ.