ದೂರು ಕೊಡದ ಬೀದಿ

ಈಗ ಅದಕ್ಕೆ ಡೇಟಾ ಸೈನ್ಸ್ ಅಂತ ಭಾರಿ ಹೆಸರು. ಎರಡು ಸಾವಿರದ ಇಸವಿಯ ಆಚೀಚೆ ನಮ್ಮ ಕಡೆ ‘ಕಂಪ್ಯೂಟರಿಗೆ ಅಂಕಿ ಹಾಕೋದು’ ಅನ್ನುತ್ತಿದ್ದರು. ಹಾಸನದ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತಿದ್ದ ನನಗೆ ಅಂಕಿಗಳ ಮೇಲೆ ಭಕ್ತಿಯೇ ಇತ್ತು.

ನಮ್ಮೂರು ಹೇಮಾವತಿ ದಂಡೆಯಲ್ಲೇ ಇದ್ದರೂ ನಮ್ಮ ಬೀದಿಯ ನಲ್ಲಿಗಳು ಒಣಗಿದ್ದವು. ಪೈಪಿನ ಕೊನೆ ನಮ್ಮದು, ನೀರು ಮೇಲಿನ ಬೀದಿಗಳಲ್ಲೇ ಮುಗಿಯುತ್ತಿತ್ತು. ಬಸ್ಸು ಹಿಡಿಯುವ ಮೊದಲು ನಾನೊಂದಿಷ್ಟು ತಂದಿಡುತ್ತಿದ್ದೆ. ಮಿಕ್ಕಿದ್ದನ್ನು ಮಂಡಿ ಊದಿದ ಅವ್ವ ದೂರದ ಬೋರ್‌ವೆಲ್ಲಿನ ಮುಂದೆ ಸಾಲಲ್ಲಿ ನಿಂತು ಹೊತ್ತು ತರುತ್ತಿದ್ದಳು.

ಆಗ ಪುರಸಭೆಗೆ ಹೊಸ ಪೈಪಿನ ಯೋಜನೆ ಬಂತು. ಯಾವ ಬೀದಿಗೆ ಅನ್ನುವುದನ್ನು ಪುಢಾರಿಗಳಲ್ಲ, ಕಂಪ್ಯೂಟರ್ ಹೇಳುತ್ತದೆ ಎಂದರು. ನನಗೆ ಹಿಗ್ಗೋ ಹಿಗ್ಗು. ಬೆಂಗಳೂರಿನಿಂದ ಬಂದ ಎಂಜಿನಿಯರು ಜನರ ದೂರುಗಳನ್ನೆಲ್ಲ ಅದಕ್ಕೆ ಹಾಕಿಸಿ, ಊರಿನ ನಕ್ಷೆಗೆ ಬಣ್ಣ ತುಂಬಿಸಿದರು. ದೂರು ಹೆಚ್ಚಿದ್ದಲ್ಲಿ ಕೆಂಪು. ಕೈತೋಟಕ್ಕೆ ನೀರು ಸಾಲದೆಂದು ಅರ್ಜಿ ಮೇಲೆ ಅರ್ಜಿ ಹಾಕಿದ್ದ ಹೊಸ ಬಡಾವಣೆ ಕಡುಗೆಂಪು. ನಮ್ಮ ಬೀದಿ ಹಚ್ಚ ಹಸಿರು. ಅಳುವ ಮಗುವಿಗೆ ಹಾಲು ಅನ್ನುತ್ತಾರಲ್ಲ, ಕಂಪ್ಯೂಟರೂ ಅದನ್ನೇ ಕಲಿತಿತ್ತು.

ನಮ್ಮಲ್ಲಿ ಯಾರೂ ದೂರು ಕೊಟ್ಟವರಲ್ಲ. ಪುರಸಭೆಯಿಂದ ನೀರು ಬಿಡುವವನು ನಮ್ಮ ಬೀದಿಯ ಹುಡುಗಿಯನ್ನೇ ಮದುವೆಯಾದವನು, ಬೀದಿಗೇ ಅಳಿಯ. ತಪ್ಪು ಪೈಪಿನದಾದರೂ, ದೂರು ಹೋದರೆ ಆಫೀಸಿನವರು ಉಗಿಯುತ್ತಿದ್ದುದು ಅವನನ್ನೇ.

‘ದೂರಿಲ್ಲ ಅಂದರೆ ನೀರಿದೆ ಅಂತಲ್ಲ ಸಾರ್’ ಎಂದು ಎಂಜಿನಿಯರಿಗೆ ಹೇಳಿದೆ.

‘ಸಂಖ್ಯಾಶಾಸ್ತ್ರದ ಮೇಷ್ಟ್ರು ನೀವು. ಬಾಯಿಮಾತು ತಂದಿದ್ದೀರಲ್ಲ, ಅರ್ಜಿ ತನ್ನಿ’ ಎಂದು ನಕ್ಕರು.

ಮೈಯೆಲ್ಲ ಉರಿಯಿತು. ಅರ್ಜಿ ಬರೆದುಕೊಂಡು ಮನೆಮನೆ ಹತ್ತಿಳಿದೆ. ಕಾಫಿ ಕೊಟ್ಟರು, ಸಹಿ ಕೊಡಲಿಲ್ಲ. ಕೊನೆಗೆ ಅವ್ವನ ಮುಂದೆ ಹಿಡಿದೆ.

‘ಎಣ್ಣು ಕೊಟ್ಟಿರೋರು ಅಳೀನ್ ಮ್ಯಾಲೆ ಅರ್ಜಿ ಆಕ್ತಾರೇನ್ಲಾ? ನಾಳೆ ಆ ಉಡುಗಿ ಮಕ ಎಂಗ್ ನೋಡ್ಲಿ? ನೀರೇನು, ಒತ್ಕೊಂಡ್ ಬತ್ತೀನಿ ಬುಡು.’

‘ನಿನ್ನ ಮಂಡಿ?’

‘ಮಂಡಿ ನಂದು ಕಣ್ಲಾ.’

ಅವಳ ಮೇಲೂ ಸಿಟ್ಟು ಬಂತು. ಅಷ್ಟು ಮರ್ಯಾದೆ ಇಟ್ಟುಕೊಂಡವರಿಗೆ ಈ ಲೋಕದಲ್ಲಿ ನೀರು ಹುಟ್ಟುವುದಿಲ್ಲ.

ಅರ್ಜಿ ನನ್ನ ಚೀಲದಲ್ಲೇ ಉಳಿಯಿತು, ಪೈಪು ಬಡಾವಣೆಗೆ ಹೋಯಿತು. ಒಂದೂ ದೂರಿಲ್ಲದ ಬೀದಿಯನ್ನು ನೋಡಿಕೊಂಡವನೆಂದು ಪುರಸಭೆಯವರು ನಮ್ಮ ಅಳಿಯನಿಗೆ ಸನ್ಮಾನ ಇಟ್ಟುಕೊಂಡರು. ಬೀದಿಗೆ ಬೀದಿಯೇ ಒಳ್ಳೆ ಸೀರೆ ಉಟ್ಟು, ಪಂಚೆ ಉಟ್ಟು ಚಪ್ಪಾಳೆ ತಟ್ಟಲು ಹೊರಟಿತು. ನಾನು ಹೋಗಲಿಲ್ಲ. ಅವ್ವನಾದರೂ ಹೋಗುತ್ತಾಳೆ ಅಂದುಕೊಂಡಿದ್ದೆ. ಅವಳು ಸೆರಗು ಸಿಕ್ಕಿಸಿಕೊಂಡು ಬಿಂದಿಗೆ ಎತ್ತಿಕೊಂಡಳು.

‘ಎಲ್ರೂ ಅಲ್ಲೋಗವ್ರೆ’ ಅಂದಳು. ‘ಬೋರ್‌ವೆಲ್ ತಾವ ಇವತ್ತು ಸಾಲಿರಕಿಲ್ಲ.’